ಕಣ್ಣು ಬಿಡದ ಬೆಕ್ಕಿನ ಮರಿ: ತೊಂದರೆ ಎಲ್ಲಿದೆ ಅಂತ ಹುಡುಕುವ ಬಗೆ

ನನ್ನದು ಮೋಟರ್ ವೈಂಡಿಂಗ್ ಕೆಲಸ. ಹಳೇ ಹುಬ್ಬಳ್ಳಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ಸುಟ್ಟ ಪಂಪ್‌ಸೆಟ್‌ಗಳು ಬರುತ್ತವೆ. ಯಾರಾದರೂ ಮೋಟರ್ ಇಳಿಸಿ "ತಿರಗವಲ್ದು ನೋಡ್ರಿ" ಅಂದರೆ ನಾನು ಕೂಡಲೇ ಪಾನಾ ಹಿಡಿಯುವುದಿಲ್ಲ. "ಮೂರೂ ಫೇಸ್ ಬರ್ತಾವೇನ್ರಿ?" ಅಂತ ಕೇಳುತ್ತೇನೆ. ಆಮೇಲೆ ಫ್ಯೂಸ್, ಸ್ಟಾರ್ಟರ್, ಕೇಬಲ್. ಅವೆಲ್ಲ ಸರಿ ಇದ್ದರೆ ಮಾತ್ರ ಮೋಟರ್ ಬಿಚ್ಚುವುದು. ಈ ಸಾಲು ತಪ್ಪಿದರೆ ಚಲೋ ಮೋಟರನ್ನೂ ಕೆಡಿಸಿ ಇಡುತ್ತೇವೆ.

ಬೆಕ್ಕಿನ ಮರಿಗೂ ಒಂದು ಸಾಲು ಇದೆ ಅಂತ ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಆಷಾಢದ ಜಿಟಿಜಿಟಿ ಮಳೆಯಲ್ಲಿ, ಓಣಿಯ ಕರಿ ಬೆಕ್ಕೊಂದು ಅಂಗಡಿಯ ವೇಸ್ಟ್ ಬಟ್ಟೆ ಚೀಲದಲ್ಲಿ ಮೂರು ಮರಿ ಹಾಕಿತು. ಮರುದಿನ ಬೆಳಿಗ್ಗೆ ಒಂದು ಮರಿ ಚೀಲದಿಂದ ಉರುಳಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡರೆ ಕಲ್ಲಿನಷ್ಟೇ ತಣ್ಣಗೆ. ಪಾಪ, ಹಸಿದಿದೆ ಅಂದುಕೊಂಡು ಹಾಲು ಕಾಯಿಸಿ ಇಂಕ್ ಫಿಲ್ಲರ್‌ನಿಂದ ಬಾಯಿಗೆ ಬಿಟ್ಟೆ. ಕುಡಿದ ಹಾಗೇ ಕಾಣಿಸಿತು. ಅರ್ಧ ಗಂಟೆಗೆ ಮೂಗಿನಲ್ಲಿ ಹಾಲಿನ ಗುಳ್ಳೆ. ರಾತ್ರಿಯೊಳಗೆ ಸತ್ತಿತು.

ಉಳಿದ ಎರಡನ್ನು ಪಶುವೈದ್ಯರಿಗೆ ತೋರಿಸಲು ಹೋದಾಗ ಅವರು ಬೈಯಲಿಲ್ಲ. ಇಷ್ಟೇ ಹೇಳಿದರು: "ಅದಕ್ಕ ಹಸಿವಿ ಅಲ್ರಿ, ಥಂಡಿ ಆಗಿತ್ತು. ತಣ್ಣಗಿದ್ದ ಮರಿ ಹೊಟ್ಟಿ ಕೆಲಸನ ಮಾಡಂಗಿಲ್ಲ. ಮೊದಲ ಬಿಸಿ, ಆಮ್ಯಾಲೆ ಹಾಲು."

ಅಂದಿನಿಂದ ನಾನು ಮೊದಲು ನೋಡುವುದು ಬಿಸಿ. ಕೆಳಗೆ ಬರೆದದ್ದೆಲ್ಲ ಅದೇ ಸಾಲಿನಲ್ಲಿ ಇದೆ.

ತಾಯಿ ಕಾಣುತ್ತಿಲ್ಲ

ಇದು ಎಷ್ಟೋ ಸಲ ದೋಷವೇ ಅಲ್ಲ. ತಾಯಿ ಬೆಕ್ಕು ಹೊಟ್ಟೆಪಾಡಿಗೆ ಎರಡು ಮೂರು ತಾಸು ಹೊರಗೆ ಹೋಗುತ್ತದೆ. ಮರಿಗಳು ಒಂದರ ಮೇಲೊಂದು ಬಿದ್ದು ಬೆಚ್ಚಗೆ ಮಲಗಿದ್ದರೆ, ಹೊಟ್ಟೆ ಗುಂಡಗಿದ್ದರೆ, ಮುಟ್ಟಬೇಡಿ. ದೂರ ನಿಂತು ಕಾಯಿರಿ. ನೀವು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರೆ ಅದು ಬರುವುದೇ ಇಲ್ಲ.

ರಾತ್ರಿ ಬಂದು ಹೋಯಿತಾ ಅಂತ ತಿಳಿಯಬೇಕೇ? ಮರಿಗಳ ಜಾಗದ ಸುತ್ತ, ಒಂದು ಗೇಣು ದೂರದಲ್ಲಿ, ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ಗುರುತು ಇದ್ದರೆ ತಾಯಿ ಬಂದಿದೆ. ನಮ್ಮ ಅವ್ವ "ರೊಟ್ಟಿ ಹಿಟ್ಟು ಬೆಕ್ಕಿಗೆ ಹಾಕಾತಾನ" ಅಂತ ಗೊಣಗಿದಳು. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಹೆಜ್ಜೆ ನೋಡಿದವಳೂ ಅವಳೇ.

ಮರಿಗಳೇ ಮಾಯವಾದರೂ ಗಾಬರಿ ಬೇಡ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ನಮ್ಮ ಕಡೆ ಮಾತಿದೆ. ಏಳು ಅಂತ ಎಣಿಸಿದವರು ಯಾರೋ ಗೊತ್ತಿಲ್ಲ, ಜಾಗ ಬದಲಿಸುವುದಂತೂ ನಿಜ. ಗಲಾಟೆ, ನಾಯಿ, ಓಣಿಯ ಗಂಡು ಬೆಕ್ಕು, ದಿನಕ್ಕೆ ಹತ್ತು ಸಲ ಮರಿ ನೋಡಲು ಬರುವ ಮಕ್ಕಳು, ಇದರಲ್ಲಿ ಯಾವುದಾದರೂ ಒಂದು ಸಾಕು. ಕತ್ತಲೆ ಇರುವ, ಒಂದೇ ಬಾಗಿಲಿನ ಜಾಗ ಕೊಟ್ಟರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ.

ತಾಯಿ ಬಾರದೆ ನಾಲ್ಕೈದು ತಾಸು ಆಯಿತು, ಮರಿಗಳು ಕೂಗುತ್ತಿವೆ, ಮೈ ತಣ್ಣಗಾಗುತ್ತಿದೆ ಅಂದರೆ ಇನ್ನು ಕಾಯಬಾರದು. ಹುಟ್ಟಿ ಒಂದೆರಡು ದಿನದ ಮರಿಯಾದರೆ ಅಷ್ಟು ಹೊತ್ತೂ ಜಾಸ್ತಿಯೇ.

ಮರಿ ತಣ್ಣಗಿದೆ

ಹುಟ್ಟಿದ ವಾರದಲ್ಲಿ ಬೆಕ್ಕಿನ ಮರಿಗೆ ನಡುಗಲೂ ಬರುವುದಿಲ್ಲ. ನಾವು ಥಂಡಿಗೆ ನಡುಗುತ್ತೇವಲ್ಲ, ಅದರಿಂದ ಮೈ ಬಿಸಿ ಹುಟ್ಟುತ್ತದೆ. ಮರಿಗೆ ಆ ಯಂತ್ರ ಇನ್ನೂ ಚಾಲೂ ಆಗಿರುವುದಿಲ್ಲ. ಅದರ ಬಿಸಿಯೆಲ್ಲ ತಾಯಿಯಿಂದ ಮತ್ತು ಒಡಹುಟ್ಟಿದವರಿಂದ ಬರಬೇಕು. ಗುಂಪಿನಿಂದ ಒಂದು ಮರಿ ಬೇರೆಯಾಯಿತು ಅಂದರೆ ಅದರ ಲೈನ್ ಕಟ್ ಆದ ಹಾಗೆ.

ಪರೀಕ್ಷೆ ಸುಲಭ. ಕೈ ತೊಳೆದು ಕಿರುಬೆರಳನ್ನು ಮರಿಯ ಬಾಯೊಳಗೆ ಇಡಿ. ಬಾಯಿ ಬೆಚ್ಚಗಿದ್ದು, ಬೆರಳನ್ನು ಚೀಪಿದರೆ ಚಲೋ. ಬಾಯಿ ತಣ್ಣಗಿದ್ದು, ಚೀಪದೆ ಸುಮ್ನೆ ಇದ್ದರೆ ಹಾಲಿನ ಸುದ್ದಿ ತೆಗೆಯಬೇಡಿ. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ, ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದಲ್ಲಿ ತುದಿ ಮಾತ್ರ ಇಟ್ಟು ನೋಡಬಹುದು. ಮೊದಲ ವಾರ 95ರಿಂದ 99 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ನಮಗೆ ಅದು ಕಡಿಮೆ ಅನ್ನಿಸುತ್ತದೆ, ಮರಿಗೆ ಅಷ್ಟೇ. ತಿಂಗಳು ತುಂಬುವ ಹೊತ್ತಿಗೆ ದೊಡ್ಡ ಬೆಕ್ಕಿನಂತೆ 100 ದಾಟುತ್ತದೆ. 95ಕ್ಕಿಂತ ಕೆಳಗಿದ್ದರೆ ಹೊಟ್ಟೆಗೆ ಏನೂ ಹಾಕಬಾರದು. ಕರುಳು ನಿಂತಿರುತ್ತದೆ, ಹಾಲು ಅರಗದೆ ಅಲ್ಲೇ ಹುಳಿಯುತ್ತದೆ, ಇಲ್ಲವೇ ತಿರುಗಿ ಬಂದು ಪುಪ್ಪುಸ ಸೇರುತ್ತದೆ. ನನ್ನ ಮೊದಲ ಮರಿಗೆ ಆದದ್ದು ಇದೇ.

ಬಿಸಿ ಮಾಡುವುದೂ ನಿಧಾನಕ್ಕೆ. ಮೊದಲು ಅಂಗಿಯೊಳಗೆ, ಎದೆಗೆ ತಾಗಿಸಿ ಇಟ್ಟುಕೊಳ್ಳಿ. ಮೇಲೆ ಒಂದು ಟವೆಲ್. ಒಂದು ತಾಸು ಬೇಕು. ತೀರಾ ತಣ್ಣಗಿದ್ದರೆ ಎರಡು ಮೂರು ತಾಸು. ಬಿಸಿ ನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಊದುವುದು ಬೇಡ. ಚರ್ಮಕ್ಕೆ ಒಮ್ಮೆಲೇ ಬಿಸಿ ತಾಗಿದರೆ ರಕ್ತ ಮೈಮೇಲೆ ಬಂದು ಒಳಗಿನ ಅಂಗಗಳಿಗೆ ಕಡಿಮೆಯಾಗುತ್ತದೆ.

ಮರಿ ಜೋತುಬಿದ್ದಿದ್ದರೆ ಇನ್ನೊಂದು ಕೆಲಸ ಮಾಡಬಹುದು. ಮೆಡಿಕಲ್ ಅಂಗಡಿಯ ಗ್ಲೂಕೋಸ್ ಪುಡಿ, ಇಲ್ಲದಿದ್ದರೆ ಸಕ್ಕರೆ, ಬೆಚ್ಚನೆ ನೀರಲ್ಲಿ ಗಟ್ಟಿಯಾಗಿ ಕರಗಿಸಿ, ಬೆರಳ ತುದಿಯಿಂದ ವಸಡಿಗೆ ಒಂದು ಹನಿ ಸವರಿ. ಕುಡಿಸಬಾರದು, ಸವರುವುದು ಮಾತ್ರ. ಕಾಲು ತಾಸಿಗೆ ಒಮ್ಮೆ ಹೀಗೆ ಮಾಡುತ್ತಾ ಡಾಕ್ಟರಿಗೆ ಫೋನ್ ಹಚ್ಚಿ.

ಇನ್ನು ಮಲಗುವ ಜಾಗ. ರಟ್ಟಿನ ಬಾಕ್ಸ್, ಒಳಗೆ ಹಳೇ ಕೌದಿ. ಅವ್ವನ ಸೀರೆಗಳಿಂದ ಹೊಲಿದ ಕೌದಿಗಿಂತ ಬೆಚ್ಚಗಿನದು ನಾನು ಕಂಡಿಲ್ಲ. ಆದರೆ ದಾರ ಬಿಚ್ಚಿದ, ತೂತಾದ ಕೌದಿ ಬೇಡ. ಮರಿಯ ಕಾಲಿಗೆ, ಕುತ್ತಿಗೆಗೆ ದಾರ ಸುತ್ತಿಕೊಳ್ಳುತ್ತದೆ. ಮೊದಲ ವಾರ ಮರಿಗಳು ಮಲಗುವ ಕಡೆ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡನೇ ವಾರ 27ರಿಂದ 29 ಸಾಕು. ಆಮೇಲೆ ಇನ್ನಷ್ಟು ಇಳಿಸಬಹುದು. ನಮ್ಮೂರಲ್ಲಿ ಏಪ್ರಿಲ್ ಮಧ್ಯಾಹ್ನ ಏನೂ ಮಾಡಬೇಕಿಲ್ಲ. ಮಳೆಗಾಲದ ರಾತ್ರಿ, ಡಿಸೆಂಬರ್ ಬೆಳಗಿನ ಜಾವ ಮಾತ್ರ ಎಚ್ಚರ. ಧಾರವಾಡದ ಹಂಚಿನ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ವೈಂಡಿಂಗ್‌ಗೆ ವಾರ್ನಿಷ್ ಹಾಕಿದ ಮೇಲೆ ಸ್ಟೇಟರ್, ಅಂದರೆ ಮೋಟರಿನ ತಿರುಗದ ಹೊರಭಾಗ, ಅದರ ಒಳಗೆ 200 ವ್ಯಾಟ್ ಬಲ್ಬ್ ಇಳಿಬಿಟ್ಟು ಒಣಗಿಸುತ್ತೇವೆ. ಈ ಚಳಿಗಾಲ ಕರಿ ಮತ್ತೆ ಮರಿ ಹಾಕಿದಾಗ ಅದೇ ಬಲ್ಬನ್ನು ಬಾಕ್ಸಿನ ಮೇಲೆ ತೂಗುಹಾಕಿದೆ. ಅರ್ಧ ತಾಸಿಗೆ ಬಂದು ನೋಡಿದರೆ ನಾಲ್ಕೂ ಮರಿ ನಾಲ್ಕು ಮೂಲೆಗೆ ತೆವಳಿದ್ದವು. ಒಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ತಾಯಿ ಹೊರಗೆ ನಿಂತು ನನ್ನನ್ನೇ ನೋಡುತ್ತಿತ್ತು. ಮಲ್ಟಿಮೀಟರಿನ ಟೆಂಪರೇಚರ್ ವೈರ್ ಕೌದಿಯ ಮೇಲೆ ಇಟ್ಟರೆ 41 ತೋರಿಸಿತು. ಆ ಬಲ್ಬ್ ತೆಗೆದು 40 ವ್ಯಾಟಿನದನ್ನು ಬಾಕ್ಸಿನ ಒಂದೇ ತುದಿಗೆ, ಒಂದು ಮೊಳ ಮೇಲೆ, ತಂತಿಯಿಂದ ಬಿಗಿದು ಕಟ್ಟಿದೆ. ಬಲ್ಬಿನ ಕೆಳಗೆ 32, ಆ ಕಡೆ ತುದಿಯಲ್ಲಿ 26. ಮರಿಗೆ ಬೇಕಾದಾಗ ಹತ್ತಿರ ಬರಬೇಕು, ಸಾಕಾದಾಗ ದೂರ ಹೋಗಬೇಕು. ಬಲ್ಬ್ ಕಳಚಿ ಕೌದಿಯ ಮೇಲೆ ಬಿದ್ದರೆ ಬೆಂಕಿ, ಅದಕ್ಕೇ ಬರೀ ವೈರಿನ ಮೇಲೆ ತೂಗುಹಾಕಬೇಡಿ. ಬಾಕ್ಸನ್ನೂ ಅಂಗಡಿಯಿಂದ ಪಡಸಾಲೆಗೆ ಒಯ್ದೆವು. ವಾರ್ನಿಷ್ ವಾಸನೆ ನಮಗೇ ತಲೆ ಹಿಡಿಸುತ್ತದೆ, ಅಂಗೈಯಷ್ಟು ಮರಿಗೆ ಹೇಗಿರಬೇಡ.

ಮಲ್ಟಿಮೀಟರ್ ಇಲ್ಲದವರಿಗೆ ಮರಿಗಳ ಗುಂಪೇ ಮೀಟರ್. ಬಿಗಿಯಾಗಿ ಗುಡ್ಡೆ ಬಿದ್ದು, ಒಂದರ ಕೆಳಗೊಂದು ನುಸುಳುತ್ತಾ ಕೀಂಗುಟ್ಟುತ್ತಿದ್ದರೆ ಥಂಡಿ. ದಿಕ್ಕಿಗೊಂದು ಬಿದ್ದಿದ್ದರೆ ಸೆಕೆ. ಸಡಿಲವಾಗಿ ಒಂದಕ್ಕೊಂದು ತಾಗಿ ಮಲಗಿ, ನಿದ್ದೆಯಲ್ಲಿ ಆಗಾಗ ಕಾಲು, ಮೀಸೆ ಅದುರಿಸುತ್ತಿದ್ದರೆ ಎಲ್ಲ ಸರಿ ಇದೆ. ಆ ಅದುರುವಿಕೆ ರೋಗ ಅಲ್ಲ. ಅದು ನಿಂತರೆ ನಾನು ಚಿಂತೆ ಮಾಡುತ್ತೇನೆ.

ಕರೆಂಟ್ ಹೋದರೆ? ಒಂದು ರಾತ್ರಿ ಹೋಯಿತು. ಅವ್ವ ಎದ್ದು ಹಂಚಿನ ಮೇಲೆ ಎರಡು ಹಿಡಿ ಜೋಳ ಬಿಸಿ ಮಾಡಿ, ಹಳೇ ಕಾಲುಚೀಲದಲ್ಲಿ ತುಂಬಿ, ಮೇಲೆ ಟವೆಲ್ ಸುತ್ತಿ ಬಾಕ್ಸಿನ ಮೂಲೆಗೆ ಇಟ್ಟಳು. ಒಂದು ತಾಸು ಬಿಸಿ ನಿಂತಿತು. ಬಿಸಿ ನೀರಿನ ಬಾಟಲಿಯೂ ಆಗುತ್ತದೆ, ಬಟ್ಟೆ ಸುತ್ತಿರಬೇಕು. ಯಾವುದಾದರೂ ಮೊದಲು ನಿಮ್ಮ ಮೊಣಕೈ ಒಳಗೆ ಹಿಡಿದು ನೋಡಿ. ಆರಿದ ಬಾಟಲಿಯನ್ನು ಹಾಗೇ ಬಿಟ್ಟರೆ ಅದು ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಆರಿದೊಡನೆ ಹೊರಗೆ ತೆಗೆಯಿರಿ.

ಬೆಚ್ಚಗಿದೆ, ಆದರೂ ತೂಕ ಏರುತ್ತಿಲ್ಲ

ನಮ್ಮಲ್ಲಿ ತಾಮ್ರದ ತಂತಿ ತೂಗುವ ಡಿಜಿಟಲ್ ತಕ್ಕಡಿ ಇದೆ, ಒಂದು ಗ್ರಾಂ ತನಕ ತೋರಿಸುತ್ತದೆ. ಅಡುಗೆಮನೆಯ ಚಿಕ್ಕ ತಕ್ಕಡಿಯೂ ನಡೆಯುತ್ತದೆ. ಮೇಲೆ ಒಂದು ಬಟ್ಟಲು, ಬಟ್ಟಲಿಗೆ ಬಟ್ಟೆ, ಆಮೇಲೆ ಸೊನ್ನೆ ಮಾಡಿ ಮರಿ ಇಡುವುದು. ದಿನಾ ಅದೇ ಹೊತ್ತಿಗೆ ತೂಗಿ ಬರೆದಿಡಿ. ಒಂದೇ ಬಣ್ಣದ ಮರಿಗಳಾದರೆ ಉಗುರಿನ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕಿ ಹಚ್ಚಬೇಕು ಅನ್ನುತ್ತಾರೆ. ನಾವು ಉಣ್ಣೆ ದಾರ ಕಟ್ಟಲು ಹೋಗಿ ಬೈಸಿಕೊಂಡೆವು. ಕುತ್ತಿಗೆಗೆ ದಾರ ಬೇಡವೇ ಬೇಡ.

ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ಹತ್ತು ಹದಿನೈದು ಆಚೆ ಈಚೆ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಹತ್ತು ದಿನದ ಆಸುಪಾಸಿಗೆ ಹುಟ್ಟಿದಾಗಿನ ಎರಡರಷ್ಟಾಗುತ್ತದೆ. ಒಂದು ದಿನ ಏರದಿದ್ದರೆ ಕಾರಣ ಹುಡುಕಿ. ಎರಡು ದಿನ ಇಳಿದರೆ ಡಾಕ್ಟರ್ ಹತ್ತಿರ ಹೋಗಿ.

ಕರಿಯ ನಾಲ್ಕನೇ ಮರಿ ಹುಟ್ಟಿದಾಗ 84 ಗ್ರಾಂ. ಉಳಿದವು 98, 102, 106. ಎರಡನೇ ದಿನ ಅದು 86, ಮೂರನೇ ದಿನ 83. ಮೈ ಬೆಚ್ಚಗಿತ್ತು, ಚೀಪುತ್ತಿತ್ತು, ತಾಯಿಯೂ ನೆಕ್ಕುತ್ತಿತ್ತು. ಹಾಗಾದರೆ ದೋಷ ಎಲ್ಲಿ? ಸಂಜೆ ಬಾಕ್ಸಿನ ಪಕ್ಕ ಚಾಪೆ ಹಾಸಿಕೊಂಡು ಕೂತು ನೋಡಿದೆ. 106ರ ಮರಿ ತಲೆಯಿಂದ ಗುದ್ದಿ ಇದನ್ನು ಮೊಲೆಯಿಂದ ಬಿಡಿಸುತ್ತಿತ್ತು. ಇದು ಮತ್ತೆ ಹುಡುಕಿ ಬಾಯಿ ಹಚ್ಚುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಪಾಪದ್ದು, ದಿನವಿಡೀ ಪಾಳಿಯಲ್ಲಿ ನಿಂತು ಒಂದು ಗುಟುಕೂ ಸಿಗದವರ ಹಾಗೆ. ದೊಡ್ಡ ಎರಡನ್ನು ಬಿಸಿ ಬಾಟಲಿಯ ಜೊತೆ ಬುಟ್ಟಿಯಲ್ಲಿಟ್ಟು, ಸಣ್ಣದಕ್ಕೆ ದಿನಕ್ಕೆ ನಾಲ್ಕೈದು ಸಲ ಕಾಲು ತಾಸು ತಾಯಿಯನ್ನು ಬಿಟ್ಟುಕೊಟ್ಟೆವು. ನಾಲ್ಕನೇ ದಿನ 90. ಹತ್ತನೇ ದಿನ 152. ಅಣ್ಣಂದಿರು ಆಗಲೇ 200 ದಾಟಿದ್ದರು, ಅದು ಅವರ ಲೆಕ್ಕ.

ಎಲ್ಲ ಮರಿಗಳೂ ಏರುತ್ತಿಲ್ಲ ಅಂದರೆ ದೋಷ ತಾಯಿಯಲ್ಲಿ ಇರಬಹುದು. ಕೆಚ್ಚಲು ಮುಟ್ಟಿ ನೋಡಿ. ಒಂದು ಕಡೆ ಗಟ್ಟಿ, ಕೆಂಪು, ಬಿಸಿ ಇದ್ದು, ಮರಿ ಬಾಯಿ ಹಚ್ಚಿದರೆ ತಾಯಿ ಎದ್ದು ಹೋದರೆ ಅದು ಕೆಚ್ಚಲು ಬಾವು. ಎಮ್ಮೆ ಕಟ್ಟಿದವರಿಗೆ ಗೊತ್ತಿರುವ ರೋಗವೇ. ತಾಯಿ ನಡುಗುತ್ತಿದ್ದರೆ, ಕಾಲು ಸೆಟೆದು ತೂರಾಡುತ್ತಿದ್ದರೆ ಮೈಯಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಅದು ತಾಸುಗಳ ಮಾತು, ಬೆಳಗಾಗಲಿ ಅಂತ ಕಾಯಬಾರದು. ಮರಿಗಳನ್ನು ಬೇರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಏನೂ ಇಲ್ಲದಿದ್ದರೆ ಬರೀ ಹೊಟ್ಟೆಗೆ ಸಾಲುತ್ತಿಲ್ಲ ಅಂತ. ಹಾಲೂಡುವ ಬೆಕ್ಕಿಗೆ ಅನ್ನ-ಹಾಲು ಸಾಕಾಗದು. ಮೊಟ್ಟೆ, ಮೀನು, ಕೋಳಿ, ಇಲ್ಲವೇ ಮರಿಗಳಿಗೆ ಮಾರುವ ಒಣ ಆಹಾರ, ಪಕ್ಕದಲ್ಲೇ ನೀರು, ಹೊಟ್ಟೆ ತುಂಬುವಷ್ಟು ಇಡಿ. ನಮ್ಮದು ಕಾಯಿಪಲ್ಯದ ಮನೆ. ಮೊಟ್ಟೆ ಅಂಗಡಿಯಲ್ಲೇ ಬೇಯುತ್ತದೆ, ವಾರ್ನಿಷ್ ಡಬ್ಬಿಯ ಪಕ್ಕದ ಸ್ಟೋವಿನ ಮೇಲೆ.

ಕೈಯಿಂದ ಹಾಲು ಹಾಕಬೇಕಾಗಿದೆ

ಕುಂದಗೋಳ ಕಡೆಯ ರೈತರೊಬ್ಬರು ಸುಟ್ಟ ಮೋಟರ್ ಜೊತೆ ಒಂದು ಟವೆಲ್ ಗಂಟನ್ನೂ ತಂದರು. ಪಂಪ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿಯ ಕೆಳಗೆ ಎರಡು ಮರಿ ಸಿಕ್ಕಿದ್ದವು, ತಾಯಿಯನ್ನು ನಾಯಿಗಳು ಕೊಂದಿದ್ದವು. "ಅಣ್ಣಾರ, ಮೋಟರ್ ನಾಳೆ ಆದ್ರೂ ನಡೀತೈತಿ, ಇವನ್ನ ಏನ್ ಮಾಡೂನ್ರಿ?" ಅಂದರು. ಆ ಎರಡೂ ಮರಿಗಳಿಗೆ ಹಾಲು ಹಾಕುತ್ತಾ ಹಾಕುತ್ತಾ ನಾನು ಕಲಿತದ್ದು ಇದು.

ಯಾವ ಹಾಲು? ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಬರುತ್ತದೆ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಕೇಳಿ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಆಕಳ ಹಾಲಿನ ಎರಡರಷ್ಟಿದೆ. ಆಕಳ ಹಾಲಿನಿಂದ ಮರಿಗೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈಗೆ ಹತ್ತುವುದಿಲ್ಲ, ಮೇಲೆ ಭೇದಿ. ನಮ್ಮ ಕಡೆ ಎಮ್ಮೆ ಹಾಲು ಗಟ್ಟಿ, ಅದೇ ಚಲೋ ಅಲ್ವಾ ಅಂತ ಕೇಳುವವರು ಬಹಳ. ಆ ಹಾಲು ಧಾರವಾಡ ಪೇಡೆಗೆ ಇರಲಿ. ಪುಡಿ ಸಿಗುವ ತನಕ ಒಂದು ರಾತ್ರಿ ದಾಟಿಸಬೇಕಾದರೆ ಆಡಿನ ಹಾಲು ವಾಸಿ. ಅದೂ ಒಂದು ರಾತ್ರಿಗೆ, ತಿಂಗಳಿಗೆ ಅಲ್ಲ. ತಾಯಿ ಸತ್ತದ್ದು ಹೆತ್ತ ಮೊದಲ ದಿನವೇ ಆಗಿದ್ದರೆ ಡಾಕ್ಟರಿಗೆ ಅದನ್ನು ಹೇಳಿ. ಗಿಣ್ಣದ ಹಾಲು ಕುಡಿಯದ ಮರಿಗೆ ರೋಗ ತಡೆಯುವ ಶಕ್ತಿ ಕಡಿಮೆ.

ಎಷ್ಟು? 100 ಗ್ರಾಂ ಮರಿಗೆ ದಿನಕ್ಕೆ ಸುಮಾರು 20ರಿಂದ 25 ಮಿಲಿ. ಮೊದಲ ವಾರ ಎರಡು ಮೂರು ತಾಸಿಗೊಮ್ಮೆ, ಸಲಕ್ಕೆ ಎರಡೂವರೆ ಮೂರು ಮಿಲಿ. ನಾಲ್ಕು ಮಿಲಿ ದಾಟಿದರೆ ಆ ಹೊಟ್ಟೆಗೆ ಜಾಗ ಇಲ್ಲ. ಪುಡಿಯ ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ರಾತ್ರಿಯೂ ಏಳಬೇಕು, ಬೇರೆ ದಾರಿಯಿಲ್ಲ. ನಾನು ಹನ್ನೆರಡಕ್ಕೆ, ಹೆಂಡತಿ ಎರಡೂವರೆಗೆ, ಅವ್ವ ಐದಕ್ಕೆ. ಅವ್ವ ಹೇಗೂ ಆ ಹೊತ್ತಿಗೆ ಏಳುತ್ತಾಳೆ.

ಹೇಗೆ ಅನ್ನುವುದೇ ಮುಖ್ಯ. ಮರಿಯನ್ನು ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗಾಗಿ, ತಾಯಿಯ ಮೊಲೆಗೆ ಬಾಯಿ ಹಚ್ಚಿದಾಗ ಇರುವಂತೆ, ತಲೆ ಚೂರು ಮೇಲೆ. ಸೂಜಿ ತೆಗೆದ ಒಂದು ಮಿಲಿ ಸಿರಿಂಜು, ಸಿಕ್ಕರೆ ಅದಕ್ಕೆ ಚಿಕ್ಕ ನಿಪ್ಪಲ್. ಹಾಲು ಮುಂಗೈ ಮೇಲೆ ಬಿಟ್ಟರೆ ಉಗುರುಬೆಚ್ಚಗಿರಬೇಕು. ಒಂದು ಹನಿ ಬಿಟ್ಟು ನಿಲ್ಲಿ. ಅದು ಚೀಪಿ ನುಂಗಿದ ಮೇಲೆ ಇನ್ನೊಂದು. ಚೀಪುವುದು ಅದರ ಕೆಲಸ, ಒತ್ತುವುದು ನಿಮ್ಮ ಕೆಲಸ ಅಲ್ಲ. ಸರಿಯಾಗಿ ಕುಡಿಯುವಾಗ ಮರಿಯ ಕಿವಿ ತಾಳ ಹಾಕಿದ ಹಾಗೆ ಅಲುಗುತ್ತದೆ. ಅದನ್ನು ಒಮ್ಮೆ ಕಂಡರೆ ಆಮೇಲೆ ಮರೆಯುವುದಿಲ್ಲ.

ಮೂಗಿನಲ್ಲಿ ಹಾಲು ಬಂದರೆ ನಿಲ್ಲಿಸಿ. ತಲೆ ಕೆಳಗೆ ಮಾಡಿ ಮೂಗು ಒರೆಸಿ, ಸುಧಾರಿಸಿಕೊಳ್ಳಲು ಬಿಡಿ. ಎತ್ತಿ ಬೀಸಬೇಡಿ. ಆಮೇಲೆ ಉಸಿರಿನಲ್ಲಿ ಕರಕರ ಸದ್ದು ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಹಾಲು ಪುಪ್ಪುಸಕ್ಕೆ ಹೋಗಿದೆ. ಆ ದಿನವೇ ಡಾಕ್ಟರ್. ಕಲಸಿದ ಹಾಲು ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು, ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಚೆಲ್ಲಿ.

ಕುಡಿಯಿತು, ಹೊಟ್ಟೆ ಉಬ್ಬಿದೆ, ಅಳು ನಿಲ್ಲುತ್ತಿಲ್ಲ

ಸುಮಾರು ಮೂರು ವಾರದ ತನಕ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ಇಲ್ಲದಿದ್ದರೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ನೀವು ಮಾಡಿಸಬೇಕು. ಬಾಲದ ಕೆಳಗೆ ಮೆಲ್ಲಗೆ, ತಿಕ್ಕದೆ, ಸವರುತ್ತಾ ಇದ್ದರೆ ಅರ್ಧ ನಿಮಿಷದಲ್ಲಿ ಉಚ್ಚೆ ಬರುತ್ತದೆ. ಪ್ರತಿ ಸಲ ಹಾಲು ಹಾಕಿದಾಗಲೂ ಇದು ಆಗಬೇಕು. ಪಂಪ್ ಮನೆಯ ಮರಿಗಳು ಮೊದಲ ರಾತ್ರಿ ಕಿರುಚಿದ್ದಕ್ಕೆ ಇದೇ ಕಾರಣ. ನಾವು ಹಸಿವು ಅಂತ ಇನ್ನಷ್ಟು ಹಾಲು ಹಾಕುತ್ತಿದ್ದೆವು. ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಮೋಟರ್ ಚಾಲೂ ಇಟ್ಟ ಹಾಗೆ.

ಬಣ್ಣ ನೋಡುವುದು ರೂಢಿ ಮಾಡಿಕೊಳ್ಳಿ. ಉಚ್ಚೆ ತಿಳಿ ನೀರಿನಂತೆ ಇದ್ದರೆ ಸರಿ, ಗಾಢ ಹಳದಿ ಆದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಕಕ್ಕ ಸಾಸಿವೆ ಅರೆದ ಬಣ್ಣಕ್ಕೆ, ಟೂತ್‌ಪೇಸ್ಟ್ ಹದಕ್ಕೆ ಇರಬೇಕು. ಹಸಿರಾಗಿ ತೆಳ್ಳಗಾದರೆ ಹಾಲು ಜಾಸ್ತಿಯಾಗಿದೆ ಅಥವಾ ಬೇಗ ಬೇಗ ಹೊರಗೆ ಹೋಗುತ್ತಿದೆ. ಬಿಳಿ, ಬೂದಿ ಬಣ್ಣ ಆದರೆ ಹಾಲು ಅರಗುತ್ತಲೇ ಇಲ್ಲ. ನೀರಿನಂತೆ ಭೇದಿ, ರಕ್ತ ಕಂಡರೆ ಮನೆ ಮದ್ದು ಹುಡುಕಬೇಡಿ, ಮೊಸರಿನ ನೀರು ಬಿಡಬೇಡಿ. 100 ಗ್ರಾಂ ಮೈಯಿಂದ ನೀರು ಖಾಲಿಯಾಗಲು ಎಷ್ಟು ಹೊತ್ತು ಬೇಕು? ಉಚ್ಚೆ ದಿನಕ್ಕೆ ಅನೇಕ ಸಲ ಆಗಲೇಬೇಕು. ಪುಡಿ ಹಾಲಿನ ಮರಿಗೆ ಕಕ್ಕ ಒಂದು ದಿನ ತಪ್ಪಿದರೆ ಗಾಬರಿಯಿಲ್ಲ, ಹೊಟ್ಟೆ ಗಟ್ಟಿಯಾಗಿ ಅಳುತ್ತಿದ್ದರೆ ತೋರಿಸಿ.

ಕಣ್ಣು, ಹೊಕ್ಕಳು, ಚಿಗಟ

ಕಣ್ಣು ಏಳರಿಂದ ಹದಿನಾಲ್ಕು ದಿನದೊಳಗೆ ತಾನೇ ಬಿಡುತ್ತದೆ. ಬೆರಳಿಂದ ಬಿಡಿಸಬೇಡಿ. ಆದರೆ ಮುಚ್ಚಿದ ರೆಪ್ಪೆಯ ಕೆಳಗೆ ಉಬ್ಬು ಬಂದಿದ್ದರೆ, ಮೂಲೆಯಲ್ಲಿ ಕೀವು ಇಣುಕುತ್ತಿದ್ದರೆ, ಒಳಗೆ ಸೋಂಕು ಇದೆ. ಅದನ್ನು ತೆರೆದು ಔಷಧ ಹಾಕುವುದು ಡಾಕ್ಟರ ಕೆಲಸ, ತಡವಾದರೆ ಕಣ್ಣೇ ಹೋಗುತ್ತದೆ. ತೆರೆದ ಕಣ್ಣು ಅಂಟಿಕೊಂಡಿದ್ದರೆ ಬೆಚ್ಚನೆ ನೀರಿನ ಹತ್ತಿಯಿಂದ ನೆನೆಸಿ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಹತ್ತಿ.

ಹೊಕ್ಕಳ ಬಳ್ಳಿ ಮೂರ್ನಾಲ್ಕು ದಿನಕ್ಕೆ ಒಣಗಿ ಬೀಳುತ್ತದೆ, ಎಳೆಯಬೇಡಿ. ಊದಿ ಕೆಂಪಾದರೆ ತೋರಿಸಿ.

ಚಿಗಟ ಸಣ್ಣ ವಿಷಯ ಅಂತ ಬಿಡಬೇಡಿ, ಇಷ್ಟು ಸಣ್ಣ ಮರಿಯ ರಕ್ತ ಹೀರಿ ಕೊಂದೇಬಿಡಬಹುದು. ವಸಡು ಗುಲಾಬಿ ಇರಬೇಕು, ಬಿಳಿಚಿದ್ದರೆ ರಕ್ತ ಕಡಿಮೆ. ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸಾಬೂನು ನೀರಿನಲ್ಲಿ ಮುಳುಗಿಸಿ. ಕೌದಿಯನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮರಿಗೆ ಪುಡಿ, ಸ್ಪ್ರೇ ಬೇಡ. ಅದರಲ್ಲೂ ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ.

ವಿಷದ ಮಾತು ಬಂದದ್ದಕ್ಕೆ ಇನ್ನೆರಡು. ಬಾಕ್ಸ್ ಇರುವ ಕೋಣೆಯನ್ನು ಫಿನೈಲ್ ಹಾಕಿ ಒರೆಸಬೇಡಿ. ಬೆಕ್ಕಿನ ಯಕೃತ್ತಿಗೆ ಅಂಥ ವಸ್ತುಗಳನ್ನು ಕರಗಿಸಿ ಹೊರಹಾಕಲು ಬರುವುದಿಲ್ಲ. ಸಾಬೂನು ನೀರು ಸಾಕು. ಹಾಗೇ ಮೈ ಬಿಸಿ ಇದೆ ಅಂತ ಕೂಸಿನ ಜ್ವರದ ಸಿರಪ್ ಒಂದು ಹನಿಯೂ ಬೇಡ. ಪ್ಯಾರಾಸಿಟಮಾಲ್ ದೊಡ್ಡ ಬೆಕ್ಕನ್ನೇ ಕೊಲ್ಲುತ್ತದೆ.

ಡಾಕ್ಟರ್ ಹತ್ತಿರ ಒಯ್ಯುವಾಗ

ತಣ್ಣಗಿದ್ದು ಎರಡು ತಾಸಾದರೂ ಬೆಚ್ಚಗಾಗುವ ಲಕ್ಷಣವೇ ಕಾಣದ ಮರಿ, ಚೀಪದ ಮರಿ, ಬಾಯಿ ತೆರೆದು ಉಸಿರಾಡುವ ಮರಿ, ಬಿಳಿಚಿದ ವಸಡಿನ ಮರಿ, ಇವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್‌ಗಳಿವೆ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ತಾಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೈಕಿನ ಮೇಲೆ ಬರೀ ಕೈಯಲ್ಲಿ ಹಿಡಿದು ಹೋದರೆ ಗಾಳಿಗೇ ಅರ್ಧ ಜೀವ ಹೋಗುತ್ತದೆ. ಮುಚ್ಚಿದ ಬಾಕ್ಸ್, ಅದಕ್ಕೆ ತೂತು, ಒಳಗೆ ಬಟ್ಟೆ ಸುತ್ತಿದ ಬಿಸಿ ಬಾಟಲಿ. ತೂಕ ಬರೆದ ಚೀಟಿಯನ್ನೂ ಒಯ್ಯಿರಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಜಂತಿನ ಔಷಧ ಯಾವಾಗಿಂದ ಅಂತಲೂ ಅಲ್ಲೇ ಕೇಳಿಕೊಳ್ಳಿ, ಅದು ಎರಡನೇ ವಾರದಿಂದಲೇ ಶುರುವಾಗುತ್ತದೆ. ತಾಯಿ ಬೆಕ್ಕು ನಿಮಗೆ ಪರಚಿದರೆ, ಕಚ್ಚಿದರೆ, ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ರೇಬೀಸ್ ಸೂಜಿಗೆ ನೀವೂ ಆಸ್ಪತ್ರೆಗೆ ಹೋಗಿ.

ಮರಿಗಳು ಸರಿ ಇವೆ, ತಾಯಿ ರಾತ್ರಿಯೆಲ್ಲ ಕೂಗುತ್ತಿದೆ

ಐದನೇ ವಾರ. ಮರಿಗಳು ಬಾಕ್ಸ್ ಹಾರಿ ಬಂದು ಸ್ಟೇಟರ್ ಒಳಗೆ ಮಲಗಲು ಕಲಿತಿದ್ದವು. 84 ಗ್ರಾಮಿನದು ಎಲ್ಲರಿಗಿಂತ ಮುಂದೆ. ಆಗ ಕರಿ ಒಂದು ರಾತ್ರಿ ಹಿತ್ತಲ ಗೋಡೆ ಮೇಲೆ ಕೂತು ಕೂಗಲು ಶುರು ಮಾಡಿತು. ಹೊಟ್ಟೆನೋವು ಅಂದುಕೊಂಡೆ. ಅವ್ವ ಮಲಗಿದಲ್ಲಿಂದಲೇ ಹೇಳಿದಳು: "ಹೊಟ್ಟಿ ಬ್ಯಾನಿ ಅಲ್ಲೋ ತಮ್ಮಾ. ಗಂಡ ಬೆಕ್ಕಿಗೆ ಕರಿಯಾಕ್ಹತ್ತೈತಿ."

ಹಾಲೂಡುತ್ತಿರುವಾಗಲೇ ಬೆಕ್ಕು ಮತ್ತೆ ಬೆದೆಗೆ ಬರುತ್ತದೆ. ಬಿಟ್ಟರೆ 63-65 ದಿನಕ್ಕೆ ಇನ್ನೊಂದು ಸೂಲು. ಬಾಗಿಲು, ಕಿಟಕಿ ಹಾಕಿ ಒಳಗೆ ಇಟ್ಟುಕೊಂಡೆವು. ಮರಿಗಳು ಹಾಲು ಬಿಟ್ಟ ಮೇಲೆ ಆಪರೇಷನ್ ಮಾಡಿಸಲು ಡಾಕ್ಟರು ದಿನ ಕೊಟ್ಟಿದ್ದಾರೆ. ಅಲ್ಲಿಯ ತನಕ ಹಿತ್ತಲ ಬಾಗಿಲ ಚಿಲಕ ತೆಗೆದವರು ಮತ್ತೆ ಹಾಕಬೇಕು ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ.